ಹಳೆಯ ಕನ್ಸೋಲ್ ಆಟ ಕಂಪ್ಯೂಟರಿನಲ್ಲಿ ಏಕೆ ಎಡವುತ್ತದೆ?

2024ರ ಅಕ್ಟೋಬರಿನಲ್ಲಿ ವಿಂಡೋಸ್ 11ರ 24ಎಚ್2 ಪರಿಷ್ಕರಣೆ ಬಂತು. ಅದನ್ನು ಹಾಕಿಕೊಂಡು, ಕನ್ಸೋಲಿನಿಂದ ಕಂಪ್ಯೂಟರಿಗೆ ಬಂದ ಹಳೆಯ ಆಟ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಆಡಲು ಕೂತವರಿಗೆ ಸ್ಕಿಮ್ಮರ್ ಎಂಬ ವಿಮಾನ ಸಿಗದಾಯಿತು. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಅದು; ಎಂದೂ ಇರುವ ಜಾಗದಲ್ಲಿ ಅದು ಇರಲೇ ಇಲ್ಲ. ಬೇರೆ ತಂತ್ರಾಂಶದ ನೆರವಿನಿಂದ ಬಲವಂತವಾಗಿ ಕರೆಸಿಕೊಂಡು ಹತ್ತಿದವರು ಕಣ್ಣು ಮಿಟುಕಿಸುವಷ್ಟರಲ್ಲಿ ಆಟದ ಆಕಾಶವನ್ನೂ ದಾಟಿ ಮೇಲೆ ಚಿಮ್ಮಿಹೋಗುತ್ತಿದ್ದರು. ಆಟದ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಹಳೆಯ ಗ್ರ್ಯಾಂಡ್ ಥೆಫ್ಟ್ ಆಟೊ (ಜಿಟಿಎ) ಆಟಗಳ ದೋಷ ತಿದ್ದುವ ‘ಸೈಲೆಂಟ್‌ಪ್ಯಾಚ್’ ಬರೆದ, ಸೈಲೆಂಟ್ ಎಂಬ ಹೆಸರಿನಿಂದಲೇ ಪರಿಚಿತರಾದ ಪ್ರೋಗ್ರಾಮರ್ 2025ರ ಏಪ್ರಿಲಿನಲ್ಲಿ ಇದರ ಬೇರನ್ನು ತೋರಿಸಿಕೊಟ್ಟರು. ಆಟದ ವಾಹನಗಳ ವಿವರವೆಲ್ಲ ಒಂದು ಪಠ್ಯ ಕಡತದಲ್ಲಿದೆ. ವಿಮಾನವಾದರೆ ಅದರ ಸಾಲಿನ ಕೊನೆಗೆ ಚಕ್ರದ ಅಳತೆಯೂ ಇರಬೇಕು. ಸ್ಕಿಮ್ಮರ್‌ನ ಸಾಲಿನಲ್ಲಿ ಅದು ಬಿಟ್ಟುಹೋಗಿತ್ತು, ಏಕೆಂದರೆ ಹಿಂದಿನ ಆಟವಾದ ‘ವೈಸ್ ಸಿಟಿ’ಯಲ್ಲಿ ಅದು ದೋಣಿಗಳ ಗುಂಪಿಗೆ ಸೇರಿತ್ತು. ಅಳತೆ ಕಾಣದಿದ್ದಾಗ ಕೋಡು ಮೆಮೊರಿಯ ಆ ಜಾಗದಲ್ಲಿ ಮೊದಲೇ ಉಳಿದಿದ್ದ ಸಂಖ್ಯೆಯನ್ನು ಎತ್ತಿಕೊಳ್ಳುತ್ತಿತ್ತು. ಅಲ್ಲಿ ಉಳಿದಿರುತ್ತಿದ್ದುದು ಪಟ್ಟಿಯಲ್ಲಿ ಅದಕ್ಕೂ ಮೊದಲು ಓದಿದ ವ್ಯಾನೊಂದರ ಚಕ್ರದ ಅಳತೆ. ಹೀಗೆ ಇಪ್ಪತ್ತು ವರ್ಷ ಆ ವಿಮಾನ ವ್ಯಾನಿನ ಅಳತೆಯಲ್ಲೇ ಹಾರಿತು. ಹೊಸ ವಿಂಡೋಸ್ ತನ್ನ ಒಳಗಿನ ಕೆಲಸವೊಂದಕ್ಕೆ ಅದೇ ಮೆಮೊರಿಯನ್ನು ಸ್ವಲ್ಪ ಹೆಚ್ಚು ಬಳಸತೊಡಗಿತು. ವ್ಯಾನಿನ ಸಂಖ್ಯೆ ಅಳಿದು, ಅಲ್ಲಿ ಅರ್ಥವಿಲ್ಲದ ದೈತ್ಯ ಸಂಖ್ಯೆಯೊಂದು ಬಂದು ಕೂತಿತು. ಅಷ್ಟು ದೊಡ್ಡ ಚಕ್ರದ ವಿಮಾನವನ್ನು ನಿಲ್ಲಿಸಲು ಆಟ ಅದನ್ನು ಅಷ್ಟೇ ಎತ್ತರಕ್ಕೆ ಒಯ್ದಿತು.

ಹಳೆಯ ಕನ್ಸೋಲ್ ಆಟವನ್ನು ಕಂಪ್ಯೂಟರಿಗೆ ತರುವ ಕೆಲಸದ, ಅಂದರೆ ‘ಪೋರ್ಟ್’ ಮಾಡುವುದರ, ಕಷ್ಟವೆಲ್ಲ ಈ ಒಂದು ಘಟನೆಯಲ್ಲಿದೆ. ಕಂಪ್ಯೂಟರಿಗೆ ಶಕ್ತಿ ಸಾಲದು ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. 2000ದಲ್ಲಿ ಬಂದ ಪ್ಲೇಸ್ಟೇಷನ್ 2ರ ಪ್ರೊಸೆಸರ್ ಓಡುತ್ತಿದ್ದುದು 294.9 ಮೆಗಾಹರ್ಟ್ಸ್ ವೇಗದಲ್ಲಿ, ಅದರ ಮುಖ್ಯ ಮೆಮೊರಿ 32 ಎಂಬಿ. ಇಂದು ಜೇಬಿನಲ್ಲಿರುವ ಸಾಧಾರಣ ಮೊಬೈಲು ಇದರ ಹಲವು ಪಟ್ಟು ಬಲಶಾಲಿ. ಕಷ್ಟ ಇರುವುದು ಬೇರೆಡೆ. ಕನ್ಸೋಲ್ ಎಂದರೆ ಟಿವಿಗೆ ಜೋಡಿಸಿ ಆಡುವ, ಆಟಕ್ಕಾಗಿಯೇ ಮಾಡಿದ ಯಂತ್ರ. ಅದರ ಕೋಟಿಗಟ್ಟಲೆ ಪ್ರತಿಗಳೂ ಒಳಗೆ ಒಂದೇ ಥರ. ಆ ಯಂತ್ರದ ಗುಣವನ್ನೂ ದೋಷವನ್ನೂ ಪ್ರೋಗ್ರಾಮರ್‌ಗಳು ಕೈಯಳತೆಯಲ್ಲಿ ತಿಳಿದು ಬರೆದರು; ಎಷ್ಟೋ ವಿಷಯಗಳನ್ನು ‘ಇದು ಹೀಗೇ ಇರುತ್ತದೆ’ ಎಂದು ನಂಬಿ ಬರೆದರು. ಆ ನಂಬಿಕೆಗಳನ್ನು ಯಾರೂ ಎಲ್ಲೂ ದಾಖಲಿಸಲಿಲ್ಲ. ಪೋರ್ಟ್ ಮಾಡಲು ಕೂತವರು ಮೊದಲು ಹುಡುಕಬೇಕಾದದ್ದು ಈ ದಾಖಲಾಗದ ನಂಬಿಕೆಗಳನ್ನು.

ಮಂಜಿನ ಉದಾಹರಣೆ ನೋಡಬಹುದು. ಪ್ಲೇಸ್ಟೇಷನ್ 2ರ ಗ್ರಾಫಿಕ್ಸ್ ಚಿಪ್ಪಿನೊಳಗೇ 4 ಎಂಬಿ ಮೆಮೊರಿ ಅಡಕವಾಗಿತ್ತು. ಗಾತ್ರ ಚಿಕ್ಕದು, ಆದರೆ ಚಿಪ್ಪಿಗೂ ಅದಕ್ಕೂ ನಡುವೆ ಸೆಕೆಂಡಿಗೆ 48 ಗಿಗಾಬೈಟ್ ಹರಿಯಬಲ್ಲಷ್ಟು ಅಗಲವಾದ ದಾರಿ. ಹಾಗಾಗಿ ಒಂದರ ಮೇಲೊಂದು ಪಾರದರ್ಶಕ ಪದರ ಬಳಿಯುವುದು ಆ ಯಂತ್ರಕ್ಕೆ ಬಲು ಸಲೀಸು. ಕೊನಾಮಿಯ ‘ಸೈಲೆಂಟ್ ಹಿಲ್ 2’ (2001) ಈ ಬಲದ ಮೇಲೆಯೇ ತನ್ನ ಊರನ್ನು ಮಂಜಿನಲ್ಲಿ ಮುಳುಗಿಸಿತು. ಮಂಜು ಅಲ್ಲಿ ಭಯವನ್ನೂ ಹುಟ್ಟಿಸುತ್ತದೆ, ದೂರದ ಕಟ್ಟಡಗಳನ್ನು ಬಿಡಿಸುವ ಹೊರೆಯನ್ನೂ ಯಂತ್ರದ ಮೇಲಿಂದ ಇಳಿಸುತ್ತದೆ. ಮರುವರ್ಷ ಬಂದ ಕಂಪ್ಯೂಟರ್ ಆವೃತ್ತಿಯಲ್ಲಿ ಆ ಮಂಜು ಹಾಗೆಯೇ ಮೂಡಲಿಲ್ಲ. ವರ್ಷಗಳ ನಂತರ ‘ಎನ್‌ಹ್ಯಾನ್ಸ್ಡ್ ಎಡಿಷನ್’ ಎಂಬ ಹೆಸರಿನಲ್ಲಿ ಅಭಿಮಾನಿಗಳೇ ಸೇರಿ, ಮೂಲ ಯಂತ್ರದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಅದನ್ನು ತಿದ್ದಬೇಕಾಯಿತು.

ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಟಿವಿಯ ದೋಷವೂ ಚಿತ್ರಕಲೆಯ ಭಾಗವಾಗಿತ್ತು. ಸೆಗಾ ಮೆಗಾ ಡ್ರೈವ್‌ನಲ್ಲಿ ಬಂದ ‘ಸಾನಿಕ್’ (1991) ಆಟದ ಜಲಪಾತಗಳನ್ನು ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಬರೆಯಲಾಗಿದೆ. ಅಂದಿನ ಕಾಂಪೊಸಿಟ್ ಕೇಬಲು ಗೆರೆಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತಿದ್ದುದರಿಂದ ಹಳೆಯ ಟಿವಿಯಲ್ಲಿ ನೀರು ಪಾರದರ್ಶಕವಾಗಿ ಕಾಣುತ್ತಿತ್ತು. ಇಂದಿನ ಚೊಕ್ಕಟ ಪರದೆಯಲ್ಲಿ ಕಾಣುವುದು ಬರಿಯ ಪಟ್ಟೆ. ಪ್ರತಿ ಬಿಂದುವನ್ನೂ ಯಥಾವತ್ತಾಗಿ ತಂದರೂ ಚಿತ್ರ ತಪ್ಪಾಗುತ್ತದೆ ಎಂದರೆ ‘ಯಥಾವತ್ತು’ ಎಂಬುದರ ಅಳತೆಗೋಲು ಯಾವುದೆಂದು ಪೋರ್ಟ್ ಮಾಡುವವರೇ ತೀರ್ಮಾನಿಸಬೇಕು.

ಯಂತ್ರದ ವೈಚಿತ್ರ್ಯ ಅತಿರೇಕಕ್ಕೆ ಮುಟ್ಟಿದ್ದು 2006ರ ಪ್ಲೇಸ್ಟೇಷನ್ 3ರಲ್ಲಿ. ಸೋನಿ, ತೊಶಿಬಾ, ಐಬಿಎಂ ಕೂಡಿ ರೂಪಿಸಿದ ‘ಸೆಲ್’ ಪ್ರೊಸೆಸರಿನಲ್ಲಿ ಒಂದು ಮುಖ್ಯ ಘಟಕ, ಅದರ ಸುತ್ತ ಎಸ್‌ಪಿಯು ಎಂಬ ಎಂಟು ಸಹಾಯಕ ಘಟಕಗಳು. ಕನ್ಸೋಲಿನಲ್ಲಿ ಏಳನ್ನು ಮಾತ್ರ ಚಾಲೂ ಇಟ್ಟು, ಒಂದನ್ನು ವ್ಯವಸ್ಥೆಗೆ ಮೀಸಲಿಟ್ಟು, ಆಟಗಳಿಗೆ ಆರನ್ನು ಕೊಟ್ಟರು. ಈ ಸಹಾಯಕರು ಮುಖ್ಯ ಮೆಮೊರಿಯನ್ನು ನೇರವಾಗಿ ಮುಟ್ಟುವಂತಿಲ್ಲ. ಒಬ್ಬೊಬ್ಬರಿಗೂ ಸ್ವಂತಕ್ಕೆ 256 ಕೆಬಿ ಜಾಗ. ಈಳಿಗೆಮಣೆಯ ಮುಂದೆ ಹಿಡಿಸುವಷ್ಟೇ ತರಕಾರಿ ತರಿಸಿಕೊಂಡು, ಹೆಚ್ಚಿ, ಅದನ್ನು ಒಳಗೆ ಕಳಿಸಿ, ಆಮೇಲೆ ಮುಂದಿನ ಬುಟ್ಟಿ ತರಿಸಿಕೊಂಡ ಹಾಗೆ ಕೆಲಸ ನಡೆಯಬೇಕು. ಏನನ್ನು ಯಾವಾಗ ತರಬೇಕು, ಯಾವಾಗ ಹಿಂದಕ್ಕೆ ಕಳಿಸಬೇಕು ಎಂಬುದನ್ನೆಲ್ಲ ಪ್ರೋಗ್ರಾಮರೇ ಬರೆದಿಡಬೇಕು. ಇದರಲ್ಲಿ ಪಳಗಿದವರು ಆ ಯಂತ್ರದಿಂದ ಅದ್ಭುತವನ್ನೇ ಹೊರತೆಗೆದರು, ಗ್ರಾಫಿಕ್ಸ್ ಚಿಪ್ಪಿನ ಕೆಲಸವನ್ನೂ ಈ ಸಹಾಯಕರ ಹೆಗಲಿಗೆ ಹಾಕಿದರು. ಮಾಮೂಲಿ ಕಂಪ್ಯೂಟರಿನಲ್ಲಿ ಇಂಥ ಘಟಕಗಳೇ ಇಲ್ಲ. ಆದ್ದರಿಂದ ಅಲ್ಲಿನ ಕೋಡನ್ನು ಇಲ್ಲಿಗೆ ‘ಸಾಗಿಸುವುದು’ ಆಗದ ಮಾತು, ಹೊಸದಾಗಿ ಯೋಚಿಸಿ ಬರೆಯಬೇಕು.

ನಾಟಿ ಡಾಗ್ ಸಂಸ್ಥೆ ‘ದ ಲಾಸ್ಟ್ ಆಫ್ ಅಸ್’ (2013) ಆಟವನ್ನು ಮರುವರ್ಷವೇ ಪ್ಲೇಸ್ಟೇಷನ್ 4ಕ್ಕೆ ತಂದಿತು. ಪ್ಲೇಸ್ಟೇಷನ್ 4ರ ಪ್ರೊಸೆಸರು ಕಂಪ್ಯೂಟರಿನ ಎಕ್ಸ್86 ಕುಲದ್ದೇ ಆದ್ದರಿಂದ ಆ ಅನುಭವ ಇಲ್ಲಿಗೂ ಸಲ್ಲುತ್ತದೆ. ಆಟ ಅವರದೇ, ಕೋಡು ಅವರದೇ, ಬರೆದ ಕೈಗಳು ಇನ್ನೂ ಅಲ್ಲೇ ಇದ್ದವು. ಆದರೂ ಎಸ್‌ಪಿಯುಗಳಿಗೆ ಹಂಚಿದ್ದ ಕೆಲಸವನ್ನೆಲ್ಲ ‘ಫೈಬರ್’ ಎಂಬ ಸಣ್ಣ ಸಣ್ಣ ಕಾರ್ಯಸರಣಿಗಳಾಗಿ ಒಡೆದು, ಆಟವನ್ನು ನಡೆಸುವ ಮೂಲ ತಂತ್ರಾಂಶವಾದ ಇಂಜಿನ್ನಿನ ಬೆನ್ನೆಲುಬನ್ನೇ ಮತ್ತೆ ಕಟ್ಟಬೇಕಾಯಿತು. ಆ ತಂಡದ ಕ್ರಿಶ್ಚಿಯನ್ ಗೈರ್ಲಿಂಗ್ 2015ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಕಟ್ಟಿದವರಿಗೇ ಇಷ್ಟು ಕಷ್ಟವಾದರೆ, ಹತ್ತು ವರ್ಷ ಕಳೆದ ಮೇಲೆ ಹೊರಗಿನ ಗುತ್ತಿಗೆ ತಂಡವೊಂದಕ್ಕೆ ಆ ಕೋಡು ಕೊಟ್ಟರೆ ಗತಿ ಏನೆಂದು ಊಹಿಸಬಹುದು. ಪ್ಲೇಸ್ಟೇಷನ್ 3ರ ಹಲವು ಒಳ್ಳೆಯ ಆಟಗಳು ವರ್ಷಗಟ್ಟಲೆ ಆ ಯಂತ್ರದಲ್ಲೇ ಉಳಿದುಹೋದದ್ದಕ್ಕೆ ಇದು ದೊಡ್ಡ ಕಾರಣ.

ಸಂಖ್ಯೆಗಳ ಬರವಣಿಗೆಯೂ ಯಂತ್ರದಿಂದ ಯಂತ್ರಕ್ಕೆ ಬೇರೆ. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಎರಡರಲ್ಲೂ ಇದ್ದ ಪವರ್‌ಪಿಸಿ ಪ್ರೊಸೆಸರುಗಳು ಸಂಖ್ಯೆಯ ದೊಡ್ಡ ಬೈಟನ್ನು ಮೊದಲಿಗೆ ಇಡುತ್ತವೆ, ಕಂಪ್ಯೂಟರಿನ ಎಕ್ಸ್86 ಅದನ್ನು ಕೊನೆಗೆ ಇಡುತ್ತದೆ. ಅಲ್ಲಿ 1 ಎಂದು ಬರೆದಿಟ್ಟದ್ದನ್ನು ಇಲ್ಲಿ ತಿರುವದೆ ಓದಿದರೆ 1,67,77,216 ಎಂದಾಗುತ್ತದೆ. ಪ್ರತಿ ಮಾದರಿ, ಪ್ರತಿ ಶಬ್ದ, ಉಳಿಸಿಟ್ಟ ಪ್ರತಿ ಕಡತದಲ್ಲೂ ಇದನ್ನು ತಿರುವಬೇಕು. ಒಂದೆಡೆ ಮರೆತರೂ ಎಲ್ಲೋ ಒಂದು ಮೂಲೆಯಲ್ಲಿ ಆಟ ಕುಸಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ದಶಮಾಂಶ ಸಂಖ್ಯೆಗಳ ಲೆಕ್ಕ. ಪ್ಲೇಸ್ಟೇಷನ್ 2 ಈ ಲೆಕ್ಕದಲ್ಲಿ ಜಗತ್ತು ಒಪ್ಪಿದ ಐಟ್ರಿಪಲ್‌ಇ 754 ಮಾನದಂಡವನ್ನು ಪೂರ್ತಿ ಪಾಲಿಸುವುದಿಲ್ಲ. ಅದಕ್ಕೆ ‘ಅನಂತ’ ಎಂಬ ಬೆಲೆ ಗೊತ್ತಿಲ್ಲ. ಉಳಿಕೆಯನ್ನು ಹತ್ತಿರದ ಬೆಲೆಗೆ ಏರಿಸುವ ಬದಲು ಕತ್ತರಿಸಿಹಾಕುತ್ತದೆ. ಅಲ್ಲಿ ಸರಾಗವಾಗಿ ಸಾಗುವ ಲೆಕ್ಕ ಕಂಪ್ಯೂಟರಿನಲ್ಲಿ ಕೂದಲೆಳೆಯಷ್ಟು ಬೇರೆಯಾಗಿ, ಆ ಕೂದಲೆಳೆ ಫ್ರೇಮಿನಿಂದ ಫ್ರೇಮಿಗೆ, ಅಂದರೆ ಪರದೆಯ ಒಂದು ಚಿತ್ರದಿಂದ ಮುಂದಿನದಕ್ಕೆ, ಬೆಳೆದು ಪಾತ್ರವೊಂದು ಗೋಡೆಯೊಳಗೆ ಸಿಕ್ಕಿಕೊಳ್ಳಬಹುದು. ಪ್ಲೇಸ್ಟೇಷನ್ 2ನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರು, ಆದ ಪಿಸಿಎಸ್‌ಎಕ್ಸ್2ರಲ್ಲಿ ಆಟಕ್ಕೆ ತಕ್ಕಂತೆ ಈ ಲೆಕ್ಕದ ಬಗೆ ಬದಲಿಸುವ ಗುಂಡಿಗಳೇ ಇವೆ. ಮೊದಲ ಪ್ಲೇಸ್ಟೇಷನ್ನಿಗಂತೂ ದಶಮಾಂಶ ಲೆಕ್ಕದ ಸೌಲಭ್ಯವೇ ಇರಲಿಲ್ಲ. ಅದರ ಆಟಗಳಲ್ಲಿ ಗೋಡೆಗಳು ನಡುಗುವುದು ಬಿಂದುಗಳ ಸ್ಥಾನವನ್ನು ಪೂರ್ಣಾಂಕಕ್ಕೆ ಇಳಿಸುವುದರಿಂದ, ನೆಲದ ಹಾಸುಗಲ್ಲು ಸೊಟ್ಟಗೆ ಬಾಗುವುದು ಚಿತ್ರ ಹೊದಿಸುವಾಗ ದೂರವನ್ನು ಲೆಕ್ಕಕ್ಕೆ ಹಿಡಿಯದಿರುವುದರಿಂದ. ಅದನ್ನು ಈಗ ತಿದ್ದಬೇಕೋ ಹಾಗೇ ಉಳಿಸಬೇಕೋ ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ.

ಆದರೆ ಪೋರ್ಟುಗಳನ್ನು ಹೆಚ್ಚು ಕಾಡಿದ ವಿಷಯ ಯಾವುದೆಂದರೆ, ಕಾಲ.

ಕನ್ಸೋಲಿನಲ್ಲಿ ಆಟ ಸೆಕೆಂಡಿಗೆ 30 ಅಥವಾ 60 ಫ್ರೇಮುಗಳಂತೆ ನಡೆಯುತ್ತದೆ ಎಂಬುದು ಖಚಿತ. ಹಾಗಾಗಿ ಬಹಳಷ್ಟು ಪ್ರೋಗ್ರಾಮರ್‌ಗಳು ಗಡಿಯಾರ ನೋಡುವ ಬದಲು ಫ್ರೇಮುಗಳನ್ನೇ ಎಣಿಸಿದರು. ‘ಪ್ರತಿ ಫ್ರೇಮಿಗೆ ಇಷ್ಟು ದೂರ ಸರಿ’ ಎಂದು ಬರೆದರೆ ಕೆಲಸ ಸುಲಭ, ವೇಗ. ಕಂಪ್ಯೂಟರಿಗೆ ಬಂದಾಗ ಈ ಸುಲಭವೇ ಶೂಲವಾಗುತ್ತದೆ, ಏಕೆಂದರೆ ಇಲ್ಲಿ ಒಬ್ಬರ ಪರದೆ 60 ಫ್ರೇಮು, ಇನ್ನೊಬ್ಬರದು 144. ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ಫ್ರೇಮ್ ಮಿತಿಯನ್ನು ತೆಗೆದುಹಾಕಿದರೆ ಕಥಾನಾಯಕ ಈಜುವುದೇ ನಿಧಾನವಾಗುತ್ತದೆ.

ಈ ವಿಷಯದಲ್ಲಿ ಫ್ರಮ್ ಸಾಫ್ಟ್‌ವೇರ್ ಸಂಸ್ಥೆಯ ‘ಡಾರ್ಕ್ ಸೋಲ್ಸ್’ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 2011ರಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಬಂದ ಈ ಆಟವನ್ನು ಕಂಪ್ಯೂಟರಿಗೂ ತನ್ನಿ ಎಂದು 2012ರ ಆರಂಭದಲ್ಲಿ 90,000ಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಪ್ರಕಾಶಕರು ಮಣಿದರು, ಆಗಸ್ಟಿನಲ್ಲಿ ಆಟ ಬಂತು. ಬಂದಾಗ ಅದರ ಒಳಚಿತ್ರ 1024×720 ಬಿಂದುಗಳಲ್ಲೇ ಮೂಡಿ, ದೊಡ್ಡ ಪರದೆಗೆ ಹಿಗ್ಗಿಸಿದಂತೆ ಮಸುಕಾಗಿತ್ತು. ಫ್ರೇಮು 30ಕ್ಕೆ ಕಟ್ಟಿಹಾಕಿತ್ತು. ಮೌಸಿನಿಂದ ಆಡುವುದು ಹಿಂಸೆಯಾಗಿತ್ತು. ಪೀಟರ್ ಥೋಮನ್ ಎಂಬ ಆಸ್ಟ್ರಿಯಾದ ಪ್ರೋಗ್ರಾಮರ್ (ಅಭಿಮಾನಿಗಳಿಗೆ ‘ಡ್ಯುರಾಂಟೆ’) ಬಿಡುಗಡೆಯ ದಿನವೇ ‘ಡಿಎಸ್‌ಫಿಕ್ಸ್’ ಎಂಬ ಪುಟ್ಟ ತಂತ್ರಾಂಶ ಹೊರಬಿಟ್ಟು, ಒಳಚಿತ್ರ ಪರದೆಯ ಪೂರ್ಣ ಅಳತೆಯಲ್ಲೇ ಮೂಡುವಂತೆ ಮಾಡಿದರು.

ಮುಂದೆ ಡಿಎಸ್‌ಫಿಕ್ಸ್‌ಗೆ 60 ಫ್ರೇಮಿನ ಸೌಲಭ್ಯವೂ ಸೇರಿತು. ಆಗ ಹೊರಬಿದ್ದದ್ದು ಆಟದ ಒಳಗುಟ್ಟು. 60ರಲ್ಲಿ ಓಡಿ ಜಿಗಿದರೆ ನೆಗೆತದ ದೂರ ಕುಗ್ಗುತ್ತಿತ್ತು. ಏಣಿಯಿಂದ ಜಾರಿ ಇಳಿದರೆ ಆಟಗಾರ ನೆಲವನ್ನೇ ತೂರಿ ಶೂನ್ಯಕ್ಕೆ ಬೀಳುವ ಅಪಾಯವಿತ್ತು. 2014ರ ‘ಡಾರ್ಕ್ ಸೋಲ್ಸ್ 2’ ಕಂಪ್ಯೂಟರಿನಲ್ಲಿ ಮೊದಲ ದಿನದಿಂದಲೇ 60 ಫ್ರೇಮಿನಲ್ಲಿ ಓಡಿತು. ಆದರೆ ಅಲ್ಲಿ ಕತ್ತಿಗಳು ಎರಡು ಪಟ್ಟು ಬೇಗ ಸವೆಯುತ್ತಿದ್ದವು. ಸವೆತವನ್ನು ಫ್ರೇಮಿನ ಲೆಕ್ಕದಲ್ಲಿ ಹಾಕಿದ್ದೇ ಕಾರಣ. ಅದು ಅಧಿಕೃತವಾಗಿ ಸರಿಹೋದದ್ದು 2015ರಲ್ಲಿ. ಆಟದ ಅಂಕಿಯೊಂದನ್ನು 30ರಿಂದ 60ಕ್ಕೆ ಬದಲಿಸುವುದು ಎಷ್ಟು ಹೊತ್ತಿನ ಕೆಲಸ ಎಂದು ಕೇಳುವವರಿಗೆ ಈ ಕತ್ತಿಯನ್ನು ತೋರಿಸಬೇಕು.

ಕಾಲದ ತೊಡಕಿಗೆ ದೇಶಗಳ ಗಡಿಯೂ ಸೇರಿಕೊಂಡಿದೆ. ಅಮೆರಿಕ, ಜಪಾನುಗಳ ಟಿವಿ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸಿದರೆ, ಯುರೋಪು ಹಾಗೂ ಭಾರತ ಅನುಸರಿಸಿದ ಪಾಲ್ ಪದ್ಧತಿಯಲ್ಲಿ 50 ಬಾರಿ. ಪಾಲ್‌ಗೆಂದು ಸರಿಯಾಗಿ ಹೊಂದಿಸದ ಎಷ್ಟೋ ಆಟಗಳು ಆರರಲ್ಲಿ ಒಂದು ಪಾಲು ನಿಧಾನವಾಗಿ, ಸಂಗೀತವನ್ನೂ ಎಳೆಯುತ್ತ ನಡೆದವು. 2018ರಲ್ಲಿ ಸೋನಿ ತನ್ನ ಹಳೆಯ ಆಟಗಳನ್ನು ಸೇರಿಸಿ ತಂದ ‘ಪ್ಲೇಸ್ಟೇಷನ್ ಕ್ಲಾಸಿಕ್’ ಪೆಟ್ಟಿಗೆಯಲ್ಲೂ ಕೆಲವು ಆಟಗಳ ಈ 50 ಹರ್ಟ್ಸ್ ಆವೃತ್ತಿಗಳೇ ಸೇರಿಕೊಂಡವು. ಮೂಲ ತಯಾರಕರೇ ಹೀಗೆ ಎಡವಿದಾಗ, ಯಾವ ದೇಶದ ಯಾವ ಆವೃತ್ತಿಯನ್ನು ಆರಿಸುತ್ತೇವೆ ಎಂಬುದೂ ತಾಂತ್ರಿಕ ನಿರ್ಧಾರವೇ ಎಂದು ಒಪ್ಪಬೇಕಾಗುತ್ತದೆ.

ಕೈಗೆ ಸಂಬಂಧಿಸಿದ ಸಮಸ್ಯೆಗಳು ಇನ್ನೊಂದು ಬಗೆ. ‘ರೆಸಿಡೆಂಟ್ ಈವಿಲ್ 4’ 2007ರಲ್ಲಿ ಕಂಪ್ಯೂಟರಿಗೆ ಬಂದಾಗ ಮೌಸಿನಿಂದ ಗುರಿ ಇಡಲು ಅವಕಾಶವೇ ಇರಲಿಲ್ಲ. ಬಂದೂಕು ಹಿಡಿದು ಆಡುವ ಆಟದಲ್ಲಿ ಇದು ಸಣ್ಣ ಕೊರತೆಯಲ್ಲ. ಪ್ಲೇಸ್ಟೇಷನ್ 2ರ ಕಂಟ್ರೋಲರಿನ ಗುಂಡಿಗಳು ಎಷ್ಟು ಬಲವಾಗಿ ಒತ್ತಿದ್ದೀರಿ ಎಂಬುದನ್ನೂ ಅಳೆಯುತ್ತಿದ್ದವು. ‘ಮೆಟಲ್ ಗೇರ್ ಸಾಲಿಡ್’ ಸರಣಿಯ ಎರಡನೆಯ, ಮೂರನೆಯ ಆಟಗಳಲ್ಲಿ ಗುರಿಯಿಟ್ಟ ಮೇಲೆ ಗುಂಡಿಯನ್ನು ಮೆಲ್ಲಗೆ ಬಿಟ್ಟರೆ ಗುಂಡು ಹಾರದೆ ಬಂದೂಕು ಕೆಳಗಿಳಿಯುತ್ತದೆ, ತಟ್ಟನೆ ಬಿಟ್ಟರೆ ಹಾರುತ್ತದೆ. ಎದುರಾಳಿಯನ್ನು ಕೊಲ್ಲದೆ ಬೆದರಿಸಿ ಬಿಡುವ ಆಟದ ನೈತಿಕ ಆಯ್ಕೆಯೇ ಆ ಬೆರಳ ತುದಿಯಲ್ಲಿತ್ತು. ಇಂದಿನ ಕಂಟ್ರೋಲರಿನ ಅದೇ ಗುಂಡಿಗಳಿಗೆ ಗೊತ್ತಿರುವುದು ಒತ್ತಿದೆ, ಒತ್ತಿಲ್ಲ ಎಂಬ ಎರಡೇ. ಆ ಕೆಲಸವನ್ನು ಇನ್ನೊಂದು ಗುಂಡಿಗೆ ವಹಿಸಿ ದಾರಿ ಕಂಡುಕೊಂಡಿದ್ದಾರೆ. ಆಟ ನಡೆಯುತ್ತದೆ, ಆದರೆ ಬೆರಳು ಅರಿತಿದ್ದ ಸೂಕ್ಷ್ಮ ಹೋಗಿಬಿಟ್ಟಿದೆ.

ಇಲ್ಲಿಯವರೆಗಿನ ಕಷ್ಟಗಳೆಲ್ಲ ಮೂಲ ಕೋಡು ಕೈಯಲ್ಲಿದ್ದರೆ ಎದುರಾಗುವಂಥವು. ಅದೇ ಇಲ್ಲದಿದ್ದರೆ? ಆಟದ ಉದ್ಯಮ ತನ್ನ ಸ್ವಂತ ಕೆಲಸವನ್ನು ಕಾಪಾಡಿಕೊಂಡ ರೀತಿ ನೋವು ತರುತ್ತದೆ. ಸ್ಕ್ವೇರ್ ಎನಿಕ್ಸ್ ಸಂಸ್ಥೆ ‘ಕಿಂಗ್‌ಡಮ್ ಹಾರ್ಟ್ಸ್’ (2002) ಆಟವನ್ನು ಹೈ ಡೆಫಿನಿಷನ್‌ಗೆ ತರಲು ಹೊರಟಾಗ ಮೂಲ ದತ್ತಾಂಶವೇ ಉಳಿದಿರಲಿಲ್ಲ. ಅಂಗಡಿಯಲ್ಲಿ ಮಾರಿದ ಡಿಸ್ಕನ್ನೇ ಬಗೆದು, ಸಿಕ್ಕಿದ್ದನ್ನು ಎತ್ತಿ, ಸಿಗದ್ದನ್ನು ಹೊಸದಾಗಿ ಮಾಡಿದರು ಎಂದು ನಿರ್ದೇಶಕ ತೆತ್ಸುಯ ನೊಮುರ ಹೇಳಿಕೊಂಡಿದ್ದಾರೆ. 2012ರ ‘ಸೈಲೆಂಟ್ ಹಿಲ್ ಎಚ್‌ಡಿ ಕಲೆಕ್ಷನ್’ ತಂಡಕ್ಕೆ ಕೊನಾಮಿ ಕೊಟ್ಟ ಕೋಡು ಬಿಡುಗಡೆಯಾದ ಆಟದ್ದಲ್ಲ, ಅದಕ್ಕೂ ಮುಂಚಿನ ಅಪೂರ್ಣ ಹಂತದ್ದು. ಹನ್ನೊಂದು ವರ್ಷ ಹಿಂದೆ ಬೇರೆ ಯಾರೋ ಕೂತು ತಿದ್ದಿ ಮುಗಿಸಿದ್ದ ದೋಷಗಳನ್ನು ಈ ತಂಡ ಮತ್ತೆ ಮೊದಲಿನಿಂದ ಹುಡುಕಿ ತಿದ್ದಬೇಕಾಯಿತು. ಬಹಳಷ್ಟು ಉಳಿದೇ ಹೋದವು.

ತಪ್ಪು ಒಮ್ಮೆ ಒಳಹೊಕ್ಕರೆ ಅದು ತಲೆಮಾರುಗಳಿಗೆ ಹರಿಯುತ್ತದೆ. ‘ಹೇಲೊ’ ಆಟವನ್ನು 2003ರಲ್ಲಿ ಗೇರ್‌ಬಾಕ್ಸ್ ಸಂಸ್ಥೆ ಎಕ್ಸ್‌ಬಾಕ್ಸಿನಿಂದ ಕಂಪ್ಯೂಟರಿಗೆ ತಂದಾಗ ಲೋಹದ ಹೊಳಪು, ಮೇಲ್ಮೈಯ ಉಬ್ಬುತಗ್ಗುಗಳಂಥ ಹಲವು ಚಿತ್ರಪರಿಣಾಮಗಳು ಕೆಟ್ಟವು. ಮುಂದೆ 2011ರ ವಾರ್ಷಿಕೋತ್ಸವ ಆವೃತ್ತಿಯನ್ನು ಕಟ್ಟಿದ್ದು ಈ ಕಂಪ್ಯೂಟರ್ ಪೋರ್ಟಿನ ಮೇಲೆ. ಹಾಗಾಗಿ ದೋಷಗಳು ಮತ್ತೆ ಎಕ್ಸ್‌ಬಾಕ್ಸಿಗೇ ಹಿಂದಿರುಗಿದವು, ‘ಹಳೆಯ ಗ್ರಾಫಿಕ್ಸ್’ ಎಂಬ ಹೆಸರಿನಲ್ಲಿ ಆಟಗಾರರು ನೋಡಿದ್ದೂ ಕೆಟ್ಟ ಗ್ರಾಫಿಕ್ಸೇ. ಅಭಿಮಾನಿಗಳ ನೆರವಿನೊಂದಿಗೆ, ಈ ಸರಣಿಯ ಹೊಣೆ ಹೊತ್ತಿದ್ದ 343 ಇಂಡಸ್ಟ್ರೀಸ್ ಸಂಸ್ಥೆ ಅದನ್ನು ಸರಿಪಡಿಸಿದ್ದು 2021ರಲ್ಲಿ.

ಅದೇ 2021ರ ನವೆಂಬರಿನಲ್ಲಿ ರಾಕ್‌ಸ್ಟಾರ್ ತನ್ನ ಮೂರು ಜಿಟಿಎ ಆಟಗಳ ‘ಡೆಫಿನಿಟಿವ್ ಎಡಿಷನ್’ ಹೊರತಂದಿತು. ಗ್ರೋವ್ ಸ್ಟ್ರೀಟ್ ಗೇಮ್ಸ್ ಸಂಸ್ಥೆ ಹಿಂದೆ ತಾನೇ ಮಾಡಿದ್ದ ಮೊಬೈಲ್ ಆವೃತ್ತಿಗಳ ಆಧಾರದ ಮೇಲೆ, ಅನ್‌ರಿಯಲ್ ಇಂಜಿನ್ನಿನಲ್ಲಿ ಇದನ್ನು ಕಟ್ಟಿತ್ತು. ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸಲಾಗಿತ್ತು. ಡೋನಟ್ ಅಂಗಡಿಯೊಂದರ ಮೇಲೆ ಆರು ಮೂಲೆಯ ನಟ್ಟಿನ ಪ್ರತಿಮೆ ಇತ್ತು; ಅದರ ಮೂಲೆಗಳನ್ನೆಲ್ಲ ನುಣುಪು ಮಾಡಿ ಉರುಟಾಗಿಸಿಬಿಟ್ಟರು. ಮಳೆ ದಾರಿ ಕಾಣದಷ್ಟು ಬಿಳಿಯಾಗಿ ಸುರಿಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ ‘ಸ್ಯಾನ್ ಆಂಡ್ರಿಯಾಸ್’ನ ಮಬ್ಬು. ಮೂಲದಲ್ಲಿ ದೂರವೆಲ್ಲ ಕಿತ್ತಳೆ ಧೂಳಿನಲ್ಲಿ ಕರಗಿ, ಮೂರು ನಗರಗಳ ನಡುವೆ ನೂರಾರು ಮೈಲಿ ಇದೆ ಎನಿಸುತ್ತಿತ್ತು. ಮಬ್ಬು ತೆಗೆದಾಗ ಬೆಟ್ಟದ ಮೇಲೆ ನಿಂತರೆ ಇಡೀ ನಾಡು ಅಂಗೈಯಗಲವಾಗಿ ಕಂಡಿತು. ಯಂತ್ರದ ಮಿತಿಗಾಗಿ ಹಾಕಿದ ಪರದೆ ಕಲಾವಿದರ ಕೈಯಲ್ಲಿ ಆಟದ ವಿಸ್ತಾರವೇ ಆಗಿತ್ತೆಂದು ಅದನ್ನು ಕಿತ್ತವರಿಗೆ ತಿಳಿಯಲಿಲ್ಲ. ರಾಕ್‌ಸ್ಟಾರ್ ಕ್ಷಮೆ ಕೇಳಿ, ತೆಗೆದುಹಾಕಿದ್ದ ಹಳೆಯ ಕಂಪ್ಯೂಟರ್ ಆವೃತ್ತಿಗಳನ್ನು ಮತ್ತೆ ಮಾರಾಟಕ್ಕಿಟ್ಟಿತು. ಹಳೆಯ ಬೆಳಕು ಮತ್ತೆ ಬಂದದ್ದು 2024ರ ನವೆಂಬರಿನಲ್ಲಿ.

ಈ ಆಟಗಳನ್ನು ಸರಿಯಾಗಿ ಅರಿತವರು ಇರಲಿಲ್ಲವೇ? ಇದ್ದರು. ಜಿಟಿಎ 3 ಮತ್ತು ವೈಸ್ ಸಿಟಿಯ ಕೋಡನ್ನು ಅಭಿಮಾನಿಗಳ ತಂಡವೊಂದು ಯಂತ್ರಭಾಷೆಯಿಂದ ಹಿಂದಕ್ಕೆ ಬಿಡಿಸಿ, ಓದಬಲ್ಲ ಕೋಡಾಗಿ ಮತ್ತೆ ಬರೆದಿತ್ತು. 2021ರ ಫೆಬ್ರುವರಿಯಲ್ಲಿ ರಾಕ್‌ಸ್ಟಾರಿನ ಮಾತೃಸಂಸ್ಥೆ ಟೇಕ್-ಟು ಅದನ್ನು ತೆಗೆಸಿತು, ಸೆಪ್ಟೆಂಬರಿನಲ್ಲಿ ಮೊಕದ್ದಮೆಯನ್ನೂ ಹೂಡಿತು. ಹಕ್ಕು ಸಂಸ್ಥೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡೇ ತಿಂಗಳ ನಂತರ ಬಂದ ಅಧಿಕೃತ ಆವೃತ್ತಿಯ ಸ್ಥಿತಿ ನೋಡಿದರೆ, ಆ ಜ್ಞಾನವನ್ನು ಬಾಗಿಲಾಚೆ ನಿಲ್ಲಿಸಿದ್ದು ದೊಡ್ಡ ತಪ್ಪೆಂದೇ ಅನಿಸುತ್ತದೆ. ನೈಟ್‌ಡೈವ್ ಸ್ಟುಡಿಯೋಸ್ ಬೇರೆ ದಾರಿ ಹಿಡಿಯಿತು. ನಿಂಟೆಂಡೊ 64ರ ‘ಡೂಮ್ 64’ ಆಟವನ್ನು ಬಿಡಿಸಿ ಕಂಪ್ಯೂಟರಿಗೆ ತಂದಿದ್ದ ಅಭಿಮಾನಿ ಸ್ಯಾಮ್ಯುಯೆಲ್ ವಿಲ್ಲಾರಿಯಲ್ ಅವರನ್ನೇ ಕೆಲಸಕ್ಕೆ ಕರೆದುಕೊಂಡಿತು. 2020ರಲ್ಲಿ ಬಂದ ಆ ಆಟದ ಅಧಿಕೃತ ಪೋರ್ಟು ಅವರು ಕಟ್ಟಿದ ಕೆಕ್ಸ್ ಇಂಜಿನ್ನಿನ ಮೇಲೇ ನಿಂತಿದೆ. ಥೋಮನ್ ಕೂಡ ಮುಂದೆ ಪಿಎಚ್3 ಗೇಮ್ಸ್ ಎಂಬ ಸಂಸ್ಥೆ ಕಟ್ಟಿ, ಜಪಾನಿನ ಆಟಗಳನ್ನು ಅಧಿಕೃತವಾಗಿಯೇ ಕಂಪ್ಯೂಟರಿಗೆ ತರುತ್ತಿದ್ದಾರೆ.

ಕೋಡೇ ಇಲ್ಲದವರಿಗೆ ಇರುವ ಹಳೆಯ ದಾರಿ ಎಮ್ಯುಲೇಟರು: ಇಡೀ ಕನ್ಸೋಲಿನ ವರ್ತನೆಯನ್ನು ತಂತ್ರಾಂಶದಲ್ಲಿ ನಕಲು ಮಾಡಿ, ಆಟವನ್ನು ಮುಟ್ಟದೆ ಹಾಗೇ ಓಡಿಸುವುದು. ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2000ದಲ್ಲಿ, ಹೊಂದಾಣಿಕೆಗಾಗಿ ಯಂತ್ರದ ತಂತ್ರಾಂಶವನ್ನು ಬಿಡಿಸಿ ನೋಡುವುದು ನ್ಯಾಯಸಮ್ಮತ ಬಳಕೆ ಎಂದು ಹೇಳಿತು. ಇಂದು ಅಂಗಡಿಯಲ್ಲಿ ಸಿಗುವ ‘ಹಳೆಯ ಆಟಗಳ ಸಂಪುಟ’ಗಳಲ್ಲಿ ಬಹುಪಾಲು ಒಳಗೊಳಗೆ ಎಮ್ಯುಲೇಟರುಗಳೇ. ಆದರೆ ನಕಲು ನಿಖರವಾದಷ್ಟೂ ಬೆಲೆ ತೆರಬೇಕು. 3.58 ಮೆಗಾಹರ್ಟ್ಸ್‌ನ ಸೂಪರ್ ನಿಂಟೆಂಡೊವನ್ನು ಚಾಚೂ ತಪ್ಪದೆ ಅನುಕರಿಸಲು 2011ರಲ್ಲಿ ಸುಮಾರು 3 ಗಿಗಾಹರ್ಟ್ಸ್ ಪ್ರೊಸೆಸರು ಬೇಕೆಂದು ‘ಬಿಸ್ನೆಸ್’ ಎಮ್ಯುಲೇಟರಿನ ಕರ್ತೃ ತೋರಿಸಿದ್ದರು. ಚಿಪ್ಪುಗಳ ನಡುವಿನ ಹೊಂದಾಣಿಕೆಯನ್ನು ಕ್ಷಣಕ್ಷಣಕ್ಕೂ ಕಾಯಬೇಕಾಗುವುದೇ ಇದಕ್ಕೆ ಕಾರಣ.

ಗ್ರಾಫಿಕ್ಸಿನಲ್ಲಿ ಯಂತ್ರಗಳ ನಡುವಿನ ವ್ಯತ್ಯಾಸದ ತೊಡಕು ಬೇರೆ ರೂಪದಲ್ಲಿ ಬರುತ್ತದೆ. ಬೆಳಕು, ನೆರಳು, ಹೊಳಪುಗಳನ್ನು ಲೆಕ್ಕ ಹಾಕುವ ‘ಶೇಡರ್’ ಎಂಬ ಕಿರು ಪ್ರೋಗ್ರಾಮುಗಳನ್ನು ಕನ್ಸೋಲಿನಲ್ಲಿ ಮೊದಲೇ ಯಂತ್ರಭಾಷೆಗೆ ಇಳಿಸಿ ಡಿಸ್ಕಿನಲ್ಲಿ ಕೊಡುತ್ತಾರೆ, ಚಿಪ್ಪು ಒಂದೇ ಆದ್ದರಿಂದ. ಕಂಪ್ಯೂಟರಿನಲ್ಲಿ ನೂರಾರು ಬಗೆಯ ಗ್ರಾಫಿಕ್ಸ್ ಕಾರ್ಡುಗಳಿರುವುದರಿಂದ ಆ ಕೆಲಸ ಆಡುವವರ ಮನೆಯಲ್ಲೇ ನಡೆಯಬೇಕು. ಆಟದ ನಡುವೆ ನಡೆದರೆ ಚಿತ್ರ ತಡವರಿಸುತ್ತದೆ. ಆಟಕ್ಕೆ ಮುಂಚೆ ನಡೆಸಿದರೆ ಕಾಯಬೇಕು. 2023ರಲ್ಲಿ ‘ದ ಲಾಸ್ಟ್ ಆಫ್ ಅಸ್’ ಕೊನೆಗೂ ಕಂಪ್ಯೂಟರಿಗೆ ಬಂದಾಗ ಈ ಕಾಯುವಿಕೆಯ ದೂರೇ ಎಲ್ಲೆಡೆ ಕೇಳಿಸಿತು.

ಮೂಲ ಕೋಡಿನ ಪೋರ್ಟು, ಎಮ್ಯುಲೇಟರು ಇವೆರಡರ ಆಚೆಗೆ, ಈಚಿನ ಕೆಲವು ವರ್ಷಗಳಲ್ಲಿ ತೆರೆದುಕೊಂಡ ಮೂರನೆಯ ದಾರಿ ಹೆಚ್ಚು ಭರವಸೆ ಹುಟ್ಟಿಸುವಂಥದ್ದು. ‘ಸೂಪರ್ ಮಾರಿಯೊ 64’ ಆಟವನ್ನು ಅಭಿಮಾನಿಗಳು ಸಾಲು ಸಾಲಾಗಿ ಕೈಯಾರೆ ಬಿಡಿಸಿ ಬರೆದರು. 2020ರಲ್ಲಿ ಅದರಿಂದ ಕಂಪ್ಯೂಟರ್ ಆವೃತ್ತಿ ಹುಟ್ಟಿತು. 2024ರ ಮೇ ತಿಂಗಳಲ್ಲಿ ‘ಜೆಲ್ಡಾ: ಮಜೋರಾಸ್ ಮಾಸ್ಕ್’ ಬಂದದ್ದು ಇನ್ನೊಂದು ಬಗೆಯಲ್ಲಿ. ಅಲ್ಲಿ ಕನ್ಸೋಲಿನ ಯಂತ್ರಭಾಷೆಯನ್ನು ತಂತ್ರಾಂಶವೊಂದು ಮುಂಚಿತವಾಗಿಯೇ ಪೂರ್ತಿ ಅನುವಾದಿಸಿ, ಕಂಪ್ಯೂಟರಿನ ಸ್ವಂತ ಪ್ರೋಗ್ರಾಮನ್ನಾಗಿ ಮಾಡುತ್ತದೆ. ಕೈಯಾರೆ ವರ್ಷಗಟ್ಟಲೆ ಮಾಡುತ್ತಿದ್ದ ಕೆಲಸದ ದೊಡ್ಡ ಭಾಗ ಹೀಗೆ ಹಗುರವಾಯಿತು. 2025ರ ಮಾರ್ಚಿನಲ್ಲಿ ಎಕ್ಸ್‌ಬಾಕ್ಸ್ 360ರ ‘ಸಾನಿಕ್ ಅನ್‌ಲೀಶ್ಡ್’ ಕೂಡ ಇದೇ ದಾರಿಯಲ್ಲಿ ಬಂತು. ಈ ಎರಡರಲ್ಲೂ ಆಟದ ಚಿತ್ರ, ಸಂಗೀತ ಯಾವುದನ್ನೂ ಹಂಚುವುದಿಲ್ಲ. ಆಡುವವರು ತಮ್ಮದೇ ಪ್ರತಿಯಿಂದ ಒದಗಿಸಬೇಕು. ಅನುವಾದವಾದ ಮೇಲೂ ಫ್ರೇಮಿಗೆ ಕಟ್ಟಿದ ಕಾಲ, ಪರದೆಯ ಅಗಲ, ಗುಂಡಿಗಳ ಗುರುತುಗಳನ್ನು ಮನುಷ್ಯರೇ ಒಂದೊಂದಾಗಿ ಬಿಡಿಸಬೇಕು.

ಕೋಡಿನಾಚೆಯ ಒಂದು ತೊಡಕನ್ನು ಮರೆಯುವಂತಿಲ್ಲ. ಹಾಡುಗಳ ಪರವಾನಗಿ ಮುಗಿದದ್ದರಿಂದ 2017ರ ಮೇ ತಿಂಗಳಲ್ಲಿ ‘ಆಲನ್ ವೇಕ್’ ಆಟ ಅಂಗಡಿಗಳಿಂದಲೇ ಮರೆಯಾಯಿತು, ಮರಳಿದ್ದು 2018ರಲ್ಲಿ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಆಗ ಹೊಸದಾಗಿ ಕೊಳ್ಳಲು ಮಾರಾಟದಲ್ಲಿರಲಿಲ್ಲ. ಇಂಥ ಆಟಗಳನ್ನು ಗ್ರಂಥಾಲಯಗಳು ದೂರದ ಸಂಶೋಧಕರಿಗೆ ಜಾಲದ ಮೂಲಕ ತೋರಿಸಲು ಅನುಮತಿ ಕೊಡಿ ಎಂಬ ಬೇಡಿಕೆಯನ್ನು 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ತಳ್ಳಿಹಾಕಿತು.

ಈ ಇತಿಹಾಸದಲ್ಲಿ ಬೆಂಗಳೂರಿಗೂ ಒಂದು ಜಾಗವಿದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್‌ಗೆ ಹೊರದೇಶದಿಂದ ಬಂದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು, ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ ‘ಮಿಷನ್: ಇಂಪಾಸಿಬಲ್’ ಆಟದ ಕಂಪ್ಯೂಟರ್ ಆವೃತ್ತಿ ಸಿದ್ಧಪಡಿಸುವುದು. ಅಂಗಡಿಗೆ ಬಂದದ್ದು ಆ ಆಟದ ನಿಂಟೆಂಡೊ 64 ಮತ್ತು ಪ್ಲೇಸ್ಟೇಷನ್ ಆವೃತ್ತಿಗಳು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಧ್ರುವವನ್ನು ಕೊಂಡು ತನ್ನ ಬೆಂಗಳೂರಿನ ಸ್ಟುಡಿಯೊದೊಂದಿಗೆ ಸೇರಿಸಿಕೊಂಡಿತು. ಪ್ಲೇಸ್ಟೇಷನ್ 2ರ ಕೊನೆಗಾಲದಲ್ಲಿ ಭಾರತದಲ್ಲೇ ತಯಾರಾದ ಆಟಗಳೂ ಬಂದವು: ‘ಹನುಮಾನ್: ಬಾಯ್ ವಾರಿಯರ್’ ಮತ್ತು ‘ದೇಸಿ ಅಡ್ಡಾ’ 2009ರಲ್ಲಿ, ‘ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್’ 2010ರಲ್ಲಿ. ಅವು ಕಲೆಯಾಗಿ ಎಷ್ಟು ದೊಡ್ಡವು ಎಂಬ ಚರ್ಚೆ ಬೇರೆ. ಈ ದೇಶದಲ್ಲಿ ಕನ್ಸೋಲಿಗೆ ಆಟ ಬರೆಯಲು ಕಲಿತವರ ಮೊದಲ ಹೆಜ್ಜೆಗಳು ಅವುಗಳಲ್ಲಿವೆ. ಬರೆದವರಲ್ಲಿ ಹಲವರು ಇನ್ನೂ ವೃತ್ತಿಯ ನಡುವಯಸ್ಸಿನಲ್ಲಿರುವಾಗಲೇ ಮೂಲ ಕೋಡು, ಚಿತ್ರಗಳ ಕಡತ, ಅಂದು ಬಳಸಿದ ಸಲಕರಣೆ, ಕೊನೆಗೆ ಡಿಸ್ಕಿಗೆ ಹೋದ ಆವೃತ್ತಿ ಇವನ್ನೆಲ್ಲ ಒಂದೆಡೆ ಸೇರಿಸಿ, ಯಾವ ಸಾಲನ್ನು ಏಕೆ ಹಾಗೆ ಬರೆದೆವು ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸವನ್ನು ಇಲ್ಲಿನ ವಿಶ್ವವಿದ್ಯಾಲಯವೋ ವಸ್ತುಸಂಗ್ರಹಾಲಯವೋ ಈಗಲೇ ಕೈಗೆತ್ತಿಕೊಳ್ಳಬಹುದು.